ಏಳುನೂರು ಕುದುರೆಗಳ ಬಂಡಿ

ಹೊರೆ ಹೊರುವುದಕ್ಕೆಂದು ಮನುಷ್ಯನು ಬಂಡಿಯನ್ನು ಕಟ್ಟಿದನು. ಕಟ್ಟಿದ ಬಂಡಿಯ ಅಂದಕ್ಕೆ ತಾನೇ ಮರುಳಾದನು. ಅಲ್ಲಿಂದ ಮುಂದೆ ಬಂಡಿಯು ಮನುಷ್ಯನ ಹೊರೆಯನ್ನು ಹೊತ್ತಿತೋ, ಮನುಷ್ಯನೇ ಬಂಡಿಯ ಹೊರೆಯನ್ನು ಹೊರತೊಡಗಿದನೋ ಎಂಬುದು ಅನೇಕ ಮನೆಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಈ ಮೋಹವು ಎತ್ತುಗಳ ಕೊಂಬಿಗೆ ಹಿತ್ತಾಳೆಯ ಅಣಸು ಹಾಕಿಸುವಲ್ಲಿಗೆ ಮುಗಿಯುತ್ತಿತ್ತು. ಈಗ ಅದು ಮೂವತ್ತು ನಲವತ್ತು ಲಕ್ಷ ರೂಪಾಯಿಗಳ ಮಾತಾಗಿದೆ.

ಬಂಟ್ವಾಳ ತಾಲೂಕಿನ ತೆಂಕಣ ಅಂಚಿನಲ್ಲಿ, ಕೇರಳದ ಗಡಿಗೆ ತಾಗಿಕೊಂಡಿರುವ ಕನ್ಯಾನದ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಅಡಕೆ ಹರವಿದ ಅಂಗಳ; ಅಂಗಳದ ಕೆಳಗೆ ತೋಟ; ತೋಟಕ್ಕಿಳಿಯುವ ಕೆಂಪು ಮಣ್ಣಿನ ಕಡಿದಾದ ದಾರಿ; ಕೊಟ್ಟಿಗೆಯ ಬದಿಯಲ್ಲಿ ಮೂವತ್ತು ವರ್ಷ ದುಡಿದು ಬಸವಳಿದ ಒಂದು ಜೀಪು. ಅದನ್ನು ಮಾರಬೇಕೆಂಬ ಮಾತು ಬಂದಿದೆ. ಮಾರಿದ ಮೇಲೆ ಏನನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವನ್ನು ಬೆಂಗಳೂರಿನಿಂದ ರಜೆಗೆ ಬಂದ ಮಗನು ತನ್ನ ಫೋನಿನಲ್ಲಿಯೇ ತಂದಿದ್ದಾನೆ. ಪುಟ್ಟ ಪರದೆಯ ಮೇಲೆ ಮನೆಯಷ್ಟು ದೊಡ್ಡದೊಂದು ಬಂಡಿಯು ಮರಳಿನ ದಿಬ್ಬವನ್ನೇರಿ, ನಾಲ್ಕು ಚಕ್ರಗಳನ್ನೂ ನೆಲದಿಂದೆತ್ತಿ ಹಾರಿ, ಧೂಳೆಬ್ಬಿಸಿ ಇಳಿಯುತ್ತದೆ.

“ಅಪ್ಪ, ಇದು ಅಮೆರಿಕದ ಪಿಕಪ್ಪು. ಏಳುನೂರು ಕುದುರೆಗಳ ಶಕ್ತಿ,” ಎಂದನು ಮಗ.

ತಂದೆಯು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದರು. “ಹಿಂದುಗಡೆ ಏನು ಹೇರಿದ್ದಾರೆ, ಮಾಣಿ?”

“ಏನೂ ಇಲ್ಲ.”

“ಖಾಲಿ ಬಂಡಿಯನ್ನು ಹಾರಿಸುವುದಕ್ಕೆ ಏಳುನೂರು ಕುದುರೆಗಳೇ?”

ಮಗನು ನಕ್ಕನು. ಪ್ರಶ್ನೆ ಮಾತ್ರ ನಗೆಯಲ್ಲಿ ಮುಗಿಯುವಂಥದಾಗಿರಲಿಲ್ಲ.

ಈ ಜಾತಿಯ ಬಂಡಿಗಳ ಕಥೆಯು ಸ್ವಾರಸ್ಯವಾದುದು. ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ 1967ರಲ್ಲಿ ಒಂದು ಮಹಾ ಓಟದ ಪಂದ್ಯವು ಆರಂಭವಾಯಿತು. ದಾರಿಯೇ ಇಲ್ಲದ ಕಲ್ಲುಮರಳಿನ ಮೇಲೆ ನೂರಾರು ಮೈಲಿಗಳನ್ನು ಎಲ್ಲರಿಗಿಂತ ಮೊದಲು ದಾಟಿದವನೇ ಗೆದ್ದವನು. ಅಂಥ ಪಂದ್ಯದ ಬಂಡಿಯನ್ನು ಅಂಗಡಿಯಲ್ಲಿ ಮಾರಿದರೆ ಹೇಗೆಂದು ಯೋಚಿಸಿದ ಫೋರ್ಡ್ ಕಂಪೆನಿಯು 2009ರಲ್ಲಿ ತನ್ನ ಪಿಕಪ್ಪಿಗೆ ಉದ್ದನೆಯ ಆಘಾತನಿವಾರಕಗಳನ್ನು ಜೋಡಿಸಿ, ‘ರ‍್ಯಾಪ್ಟರ್’ ಎಂದು ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟಿತು. ಹೆಸರಿಗೆ ಬೇಟೆಯ ಹಕ್ಕಿಯೆಂದು ಅರ್ಥ. ಅದಕ್ಕೆ ಪ್ರತಿಯಾಗಿ ರ‍್ಯಾಮ್ ಕಂಪೆನಿಯು 2021ರ ಮಾದರಿಯಾಗಿ ‘ಟಿ.ಆರ್.ಎಕ್ಸ್.’ ಎಂಬ ಬಂಡಿಯನ್ನು ತಂದಿತು. ಬೇಟೆಯ ಹಕ್ಕಿಯನ್ನು ನುಂಗಬಲ್ಲ ಪುರಾತನ ರಾಕ್ಷಸಹಲ್ಲಿಯ ನೆನಪು ಆ ಹೆಸರಿನಲ್ಲಿತ್ತು. ಅದರ ಎಂಜಿನ್ನಿಗೆ 702 ಅಶ್ವಶಕ್ತಿ. ಫೋರ್ಡ್ ಸುಮ್ಮನಿರಲಿಲ್ಲ, 2023ರ ಮಾದರಿಯಾಗಿ 700 ಅಶ್ವಶಕ್ತಿಯ ‘ರ‍್ಯಾಪ್ಟರ್ ಆರ್’ ಬಂದಿತು. ಅದರ ಬೆಲೆ ಒಂದು ಲಕ್ಷ ಡಾಲರುಗಳನ್ನು ಮೀರಿತ್ತು.

ಈ ಶಕ್ತಿಯನ್ನು ಕಂಡು ಬೆರಗಾಗದವರು ವಿರಳ. ಸುಮಾರು 2,900 ಕಿಲೋ ತೂಗುವ ಟಿ.ಆರ್.ಎಕ್ಸ್. ನಿಂತಲ್ಲಿಂದ ಗಂಟೆಗೆ ಅರುವತ್ತು ಮೈಲಿಯ ವೇಗಕ್ಕೆ ನಾಲ್ಕೂವರೆ ಸೆಕೆಂಡುಗಳಲ್ಲಿ ಏರುವುದೆಂದು ಕಂಪೆನಿಯು ಹೇಳಿತು. ಆದರೆ ಅದೇ ಕಂಪೆನಿಯ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆಯೂ ಇದೆ. ಅಡಕೆ ಬೆಳೆಯುವವನ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ. ಆ ಬಂಡಿಯು ಹೊರಬಲ್ಲ ಭಾರವು 1,310 ಪೌಂಡು, ಎಂದರೆ ಆರು ಕ್ವಿಂಟಲಿಗೆ ತುಸು ಕಡಮೆ. ಕುಳಿತವರ ತೂಕವೂ ಅದರಲ್ಲಿಯೇ ಸೇರಬೇಕು. ಮನೆಯ ಐದು ಮಂದಿ ಒಳಗೆ ಕುಳಿತರೆ, ಮೂಟೆಗೆ ಅರುವತ್ತು ಕಿಲೋ ಎಂದು ಹಿಡಿದರೂ, ಹಿಂದುಗಡೆ ಹೇರಬಹುದಾದ ಅಡಕೆ ನಾಲ್ಕೇ ಮೂಟೆ!

ಕನ್ಯಾನದ ರಸ್ತೆಯಲ್ಲಿ ದಿನವೂ ಹೋಗಿಬರುವ ಬೊಲೇರೊ ಪಿಕಪ್ಪಿನ ಮಾತೇ ಬೇರೆ. ಅದರ ಎಂಜಿನ್ನಿಗೆ ಎಪ್ಪತ್ತೈದು ಅಶ್ವಶಕ್ತಿಯ ಆಸುಪಾಸು. ಅದರ ಒಂದು ಮಾದರಿಯು ಹದಿನೇಳು ಕ್ವಿಂಟಲ್ ಭಾರವನ್ನು ಹೊರುತ್ತದೆ. ಅದೇ ಲೆಕ್ಕದಲ್ಲಿ ಇಪ್ಪತ್ತೆಂಟು ಮೂಟೆ. ಹತ್ತರಲ್ಲಿ ಒಂದು ಪಾಲು ಕುದುರೆಗಳು; ಹೊರುವ ಹೊರೆಯು ಹೆಚ್ಚುಕಡಮೆ ಮೂರು ಪಾಲು.

ಇದರಲ್ಲಿ ಮೋಸವೇನೂ ಇಲ್ಲ. ಹೊರೆ ಹೊರುವ ಬಂಡಿಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಬಿಗಿಯಾದ ಸ್ಪ್ರಿಂಗು ಬೇಕು. ಖಾಲಿಯಿರುವಾಗ ಅದು ಕೂತವರ ಸೊಂಟವನ್ನು ಪರೀಕ್ಷಿಸುತ್ತದೆ. ದಿಬ್ಬ ಹಾರುವ ಬಂಡಿಗೆ ಮೆತ್ತನೆಯ, ಹೆಚ್ಚು ಬಾಗುವ, ಹೆಚ್ಚು ಚಾಚುವ ಸ್ಪ್ರಿಂಗು ಬೇಕು. ಅದರ ಮೇಲೆ ಭಾರ ಹೇರಿದರೆ ಕುಸಿಯುತ್ತದೆ. ಒಂದು ಗುಣವನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಯಿತು. ಹಾರುವ ಕುದುರೆಯನ್ನು ಸಾಕಿದವನು ಅದರ ಬೆನ್ನಿಗೆ ಗೊಬ್ಬರದ ಬುಟ್ಟಿಯನ್ನು ಕಟ್ಟಲಾರನು.

ಬೆಟ್ಟಗುಡ್ಡಗಳ ಊರಿಗೆ ಬಲವಾದ ಎಂಜಿನ್ನು ಬೇಡವೇ ಎಂಬ ಪ್ರಶ್ನೆಯು ಸಹಜವಾದುದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೆ ಸಮೀಪ ಮಳೆ ಬೀಳುವ ಜಿಲ್ಲೆ ಅದು. ಆಟಿಯ ತಿಂಗಳಲ್ಲಿ ಜಂಬಿಟ್ಟಿಗೆಯ ಮಣ್ಣು ಸಾಬೂನಿನಂತೆ ಜಾರುತ್ತದೆ. ಆದರೆ ಜಾರುವ ನೆಲದಲ್ಲಿ ಗಾಡಿಯನ್ನು ಹತ್ತಿಸುವುದು ಎಂಜಿನ್ನಿನ ಆರ್ಭಟವಲ್ಲ. ಚಕ್ರಕ್ಕೂ ಮಣ್ಣಿಗೂ ಇರುವ ಹಿಡಿತ. ಹಿಡಿತವು ಅನುಮತಿಸಿದುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಚಕ್ರಕ್ಕೆ ಕಳುಹಿಸಿದರೆ ಅದು ನಿಂತಲ್ಲಿಯೇ ತಿರುಗಿ ಹೊಂಡ ತೋಡುತ್ತದೆ. ನಾಲ್ಕು ಚಕ್ರಗಳಿಗೂ ಎಳೆತವನ್ನು ಹಂಚಿ, ಕೆಳಗಿನ ಗೇರಿನಲ್ಲಿ ಇರುವೆಯ ವೇಗದಲ್ಲಿ ಏರುವ ಹಳೆಯ ಜೀಪು ಗೆಲ್ಲುವುದು ಈ ಗುಟ್ಟಿನಿಂದಲೇ. ರಸ್ತೆಯ ಅಗಲವನ್ನೂ ಮರೆಯುವಂತಿಲ್ಲ. ಹಳ್ಳಿಯ ಕಾಂಕ್ರೀಟು ರಸ್ತೆ ಅನೇಕ ಕಡೆ ಮೂರೇ ಮೀಟರು. ಅಮೆರಿಕದ ಆ ಬಂಡಿಯ ಮೈಯೇ ಎರಡೂಕಾಲು ಮೀಟರಿಗೆ ಸಮೀಪ. ಎದುರಿಗೆ ಒಂದು ಆಟೋರಿಕ್ಷಾ ಬಂದರೂ ಯಾರಾದರೊಬ್ಬರು ತೋಟಕ್ಕಿಳಿಯಬೇಕಾದೀತು.

ಮಗನು ಮೂರ್ಖನಲ್ಲ. ಅಮೆರಿಕದ ಬಂಡಿಯನ್ನು ಅವನು ತಮಾಷೆಗೆ ತೋರಿಸಿದ್ದನು. ಮನಸ್ಸಿನಲ್ಲಿದ್ದುದು ಭಾರತದಲ್ಲಿಯೇ ಸಿಕ್ಕುವ ಅದರ ಕಿರಿಯ ಬಂಧುಗಳು. 2016ರಲ್ಲಿ ಇಸುಜು ಕಂಪೆನಿಯು ಆಂಧ್ರದ ಶ್ರೀಸಿಟಿಯಲ್ಲಿ ಕಾರ್ಖಾನೆಯನ್ನು ತೆರೆದು, ‘ವಿ-ಕ್ರಾಸ್’ ಎಂಬ ಐದು ಆಸನಗಳ ಪಿಕಪ್ಪನ್ನು ಹನ್ನೆರಡೂವರೆ ಲಕ್ಷದ ಆರಂಭದ ಬೆಲೆಗೆ ತಂದಿತು. 2022ರಲ್ಲಿ ಟೊಯೋಟಾದ ‘ಹೈಲಕ್ಸ್’ ಬಂದಿತು. ಆರಂಭದ ಬೆಲೆಯೇ ಸುಮಾರು ಮೂವತ್ತನಾಲ್ಕು ಲಕ್ಷ. ಅವನ ವಾದವೂ ಕೇಳತಕ್ಕದ್ದೇ ಆಗಿತ್ತು. “ಒಂದೇ ವಾಹನದಲ್ಲಿ ಮನೆಯವರೆಲ್ಲ ಕೂರಬಹುದು, ಸಾಮಾನೂ ಹೇರಬಹುದು. ಎಪ್ಪತ್ತು ಸೆಂಟಿಮೀಟರು ನೀರಿನಲ್ಲಿ ದಾಟುತ್ತದೆ. ಅಮ್ಮನಿಗೆ ಬೆನ್ನುನೋವು, ಜೀಪಿನಲ್ಲಿ ಮಂಗಳೂರಿಗೆ ಹೋಗಿಬರುವುದೆಂದರೆ ಶಿಕ್ಷೆ. ಹೈಲಕ್ಸ್ 1968ರಿಂದ ಜಗತ್ತಿನಲ್ಲಿದೆ ಅಪ್ಪ. 1987ರಲ್ಲಿ ಆಫ್ರಿಕದ ಚಾಡ್ ದೇಶದವರು ಟೊಯೋಟಾ ಪಿಕಪ್ಪುಗಳಲ್ಲಿ ಕುಳಿತೇ ಲಿಬಿಯಾದ ಟ್ಯಾಂಕುಗಳನ್ನು ಸೋಲಿಸಿದರು. ಆ ಯುದ್ಧಕ್ಕೆ ಟೊಯೋಟಾ ಯುದ್ಧವೆಂದೇ ಹೆಸರು.”

“ಆ ಪಿಕಪ್ಪುಗಳಿಗೆ ಗೀರು ಬಿದ್ದರೆ ಅವರು ಕಣ್ಣೀರು ಹಾಕುತ್ತಿದ್ದರೇ?” ಎಂದು ತಂದೆ ಕೇಳಿದರು.

ಆ ಪ್ರಶ್ನೆಯಲ್ಲಿ ಹುರುಳಿತ್ತು. ಆ ಯುದ್ಧದ ಪಿಕಪ್ಪುಗಳು ಗೆದ್ದುದು ದುಬಾರಿಯಾಗಿದ್ದುದರಿಂದಲ್ಲ. ಹಗುರವಾಗಿ, ಸರಳವಾಗಿ, ಕೆಟ್ಟರೆ ರಿಪೇರಿಗೆ ಸುಲಭವಾಗಿ, ಹೋದರೆ ಹೋಯಿತೆನ್ನುವಷ್ಟು ಅಗ್ಗವಾಗಿ ಇದ್ದುದರಿಂದ. ಜೀಪಿನ ಕೀರ್ತಿಗೂ ಮೂಲ ಅದೇ. 1941ರಲ್ಲಿ ಅಮೆರಿಕದ ಸೇನೆಗೆಂದು ವಿಲ್ಲಿಸ್ ಕಂಪೆನಿಯು ಕಟ್ಟತೊಡಗಿದ ಆ ವಾಹನಕ್ಕೆ ಕೇವಲ ಅರುವತ್ತು ಅಶ್ವಶಕ್ತಿ. ಸೇನೆಯ ಕಡತದಲ್ಲಿ ಅದರ ಹೆಸರು ‘ಕಾಲು ಟನ್ನಿನ ಟ್ರಕ್ಕು’. 1947ರಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಅದರ ಬಿಡಿಭಾಗಗಳನ್ನು ಜೋಡಿಸತೊಡಗಿದ ಮೇಲೆ ಜೀಪು ಭಾರತದ ಗುಡ್ಡಗಾಡುಗಳ ವಾಹನವಾಯಿತು. ಬಸ್ಸು ಬಾರದ ಊರುಗಳಿಗೆ ದಕ್ಷಿಣ ಕನ್ನಡದಲ್ಲಿ ಅದೇ ‘ಸರ್ವಿಸ್’ ಆಯಿತು. ಒಳಗೆ ಎಷ್ಟು ಜನ, ಹಿಂದೆ ನೇತಾಡುವವರು ಎಷ್ಟು ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ.

ಇನ್ನು ಹಣದ ಮಾತು. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರುಗಳಿಗೆ ಶೇಕಡಾ 18ರ ಜೀವಾವಧಿ ತೆರಿಗೆ. ಮೂವತ್ತನಾಲ್ಕು ಲಕ್ಷಕ್ಕೆ ಅದೊಂದೇ ಆರು ಲಕ್ಷವನ್ನು ದಾಟುತ್ತದೆ. ಅದನ್ನು ಬದಿಗಿಟ್ಟು ಬರಿಯ ಬೆಲೆಯನ್ನೇ ಅಡಕೆಯಲ್ಲಿ ಅಳೆಯಬಹುದು. 2021ರಲ್ಲಿ ಹಳೆಯ ಚಾಲಿಯ ಧಾರಣೆಯು ಕಿಲೋಗೆ ಐನೂರು ರೂಪಾಯಿಗಳನ್ನು ದಾಟಿದಾಗ ಬೆಳೆಗಾರರು ಹಬ್ಬವೆಂದುಕೊಂಡರು. ಆ ಹಬ್ಬದ ಧಾರಣೆಯಲ್ಲಿಯೂ ಮೂವತ್ತನಾಲ್ಕು ಲಕ್ಷವೆಂದರೆ ಅರುವತ್ತೆಂಟು ಕ್ವಿಂಟಲ್ ಚಾಲಿ. ಎಕರೆಗೆ ಹತ್ತು ಕ್ವಿಂಟಲೆಂದು ಉದಾರವಾಗಿ ಹಿಡಿದರೂ ಏಳು ಎಕರೆಗೆ ಹತ್ತಿರದ ತೋಟದ ಒಂದು ವರ್ಷದ ಪೂರ್ತಿ ಫಸಲು. ಅದೂ ಕೊಯ್ಲಿನ ಕೂಲಿ, ಸುಲಿಯುವ ಕೂಲಿ, ಗೊಬ್ಬರ, ಮಹಾಳಿ ರೋಗಕ್ಕೆ ಸಿಂಪಡಿಸುವ ಮೈಲುತುತ್ತು, ಸುಣ್ಣ ಇವಾವುದನ್ನೂ ಕಳೆಯದೆ. ಮಹಾಳಿಯು ಹೇಳಿ ಬರುವ ನೆಂಟನಲ್ಲ. ಒಂದು ಮಳೆಗಾಲದಲ್ಲಿ ಅದು ಅರ್ಧ ಫಸಲನ್ನು ಉದುರಿಸಿದರೂ ಬ್ಯಾಂಕಿನ ಕಂತು ಮಾತ್ರ ಉದುರುವುದಿಲ್ಲ.

ಅಷ್ಟರಲ್ಲಿ ತಾಯಿಯು ಕಾಫಿ ತಂದಿಟ್ಟು, ಚಿತ್ರವನ್ನು ಒಮ್ಮೆ ನೋಡಿ ಕೇಳಿದರು: “ಚೆಂದ ಉಂಟು. ಇದರ ಬೆನ್ನಿಗೆ ಕೊಟ್ಟಿಗೆಯ ಗೊಬ್ಬರ ಹೇರಲು ನಿನಗೆ ಮನಸ್ಸು ಬಂದೀತೇ?”

ಮಗನು ಉತ್ತರಿಸಲಿಲ್ಲ. ಉತ್ತರವು ಬೆಂಗಳೂರಿನಲ್ಲಿಯೇ ಸಿಕ್ಕುತ್ತದೆ. ಅಲ್ಲಿನ ಬಹುಮಹಡಿ ಮನೆಗಳ ನೆಲಮಾಳಿಗೆಗಳಲ್ಲಿ ನಿಂತಿರುವ ಇಂಥ ಪಿಕಪ್ಪುಗಳ ಬೆನ್ನು ಮೂಟೆಯ ಸ್ಪರ್ಶವನ್ನೇ ಕಂಡಿರುವುದಿಲ್ಲ. ಹಲವಕ್ಕೆ ಮುಚ್ಚಳ ಹಾಕಿಸಿರುತ್ತಾರೆ. ಮುಚ್ಚಳದ ಮೇಲೆ ಹೊದಿಕೆ. ಹೊದಿಕೆಯನ್ನು ಒರೆಸಲು ಒಬ್ಬ ಆಳು. ಹೊರೆಯಿಳಿಸಲೆಂದು ಬಂದ ವಸ್ತುವೇ ಹೊರೆಯಾಗುವುದೆಂದರೆ ಇದೇ.

ಹಾಗೆಂದಮಾತ್ರಕ್ಕೆ ಇವನ್ನು ಕೊಳ್ಳುವವರೆಲ್ಲರೂ ಬಡಾಯಿಗಾರರೆಂದು ತೀರ್ಪು ಕೊಡುವುದು ಅನ್ಯಾಯ. ಚೆನ್ನಾಗಿ ಕಟ್ಟಿದ ಯಂತ್ರವನ್ನು ಓಡಿಸುವುದರಲ್ಲಿ ನಿಜವಾದ ಆನಂದವಿದೆ. ಸಂಗೀತ ಕೇಳುವವನನ್ನು ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಬೆನ್ನು ನೋಯುವ ತಾಯಿಗೆ ಮೆತ್ತನೆಯ ಆಸನವೂ ಬೇಕಾದುದೇ. ಆದರೆ ಅದು ಸಾಧಾರಣ ಬೆಲೆಯ ಕಾರಿನಲ್ಲಿಯೂ ಸಿಕ್ಕೀತು. ಕಷ್ಟವಿರುವುದು ಆನಂದಕ್ಕೆ ಅಗತ್ಯದ ವೇಷ ಹಾಕಿಸುವಲ್ಲಿ. ತೋಟದ ಹೆಸರಿನಲ್ಲಿ, ತಾಯಿಯ ಹೆಸರಿನಲ್ಲಿ, ಮಳೆಗಾಲದ ಹೆಸರಿನಲ್ಲಿ ಕೊಂಡ ಬಂಡಿಯ ಸಾಲವನ್ನು ಕೊನೆಗೆ ತೋಟವೇ ತೀರಿಸಬೇಕು.

ಈ ಲೆಕ್ಕಗಳಲ್ಲಿ ಸೇರದ ಇನ್ನೊಂದು ಮಾತೂ ಉಂಟು. ಹಲವು ವರ್ಷಗಳ ಹಿಂದೆ ಒಂದು ಮಳೆಯ ರಾತ್ರಿ, ಗುಡ್ಡದಾಚೆಯ ಮನೆಯ ಹುಡುಗನಿಗೆ ಹಾವು ಕಚ್ಚಿತ್ತು. ಕೆಸರುಗಾಲಿನಲ್ಲಿ ಓಡಿಬಂದವರು ಅಂಗಳದಲ್ಲಿ ನಿಂತು ಕೂಗಿದುದು ಮನೆಯ ಯಜಮಾನರನ್ನಲ್ಲ, “ಜೀಪು ಉಂಟೋ?” ಎಂದೇ ಅವರ ಕೂಗು. ಜೀಪು ಪುತ್ತೂರಿಗೆ ಹೋಯಿತು, ಹುಡುಗ ಬದುಕಿದನು. ಮರುದಿನ ಅದೇ ಜೀಪಿನಲ್ಲಿ ಹಿಂಡಿಯ ಚೀಲಗಳು ಬಂದವು. ಹೊಸ ಬಂಡಿಯಿದ್ದರೂ ಈ ಮನೆಯವರು ಹುಡುಗನನ್ನು ಒಯ್ಯುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂವತ್ತನಾಲ್ಕು ಲಕ್ಷದ ಬಂಡಿಯ ಮುಂದೆ ಕೆಸರುಗಾಲಿನಲ್ಲಿ ನಿಂತು ಕೇಳುವ ಧೈರ್ಯ ಗುಡ್ಡದಾಚೆಯವರಿಗೆ ಬರುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಜೀಪು ಮನೆಯದಾಗಿದ್ದರೂ ಊರಿನದಾಗಿತ್ತು.

ತಂದೆಯು ಈ ಮಾತನ್ನು ಆಡಲಿಲ್ಲ. ಫೋನನ್ನು ಮಗನ ಕೈಗೆ ಹಿಂದಿರುಗಿಸಿ ಇಷ್ಟೇ ಹೇಳಿದರು: “ಓಡಿಸುವ ಸಂತೋಷಕ್ಕೆ ಬೇಕಾದರೆ ನಿನ್ನ ಸಂಪಾದನೆಯಿಂದ ತೆಗೆದುಕೋ, ಮಾಣಿ. ನಾನೂ ಬದಿಯಲ್ಲಿ ಕುಳಿತು ಚಾರ್ಮಾಡಿಯವರೆಗೆ ಬರುತ್ತೇನೆ. ತೋಟಕ್ಕೆ ಬೇಕೆಂದು ಮಾತ್ರ ಹೇಳಬೇಡ.”

ಮರುದಿನ ಬೆಳಗ್ಗೆ, ಚಾಲಿಯನ್ನು ವಿಟ್ಲಕ್ಕೆ ಒಯ್ಯಲು ಗೊತ್ತುಮಾಡಿದ್ದ ಬಾಡಿಗೆಯ ಪಿಕಪ್ಪು ಬಂದಿತು. ಹಳದಿ ಫಲಕ, ಬಾಗಿಲಲ್ಲಿ ಎರಡು ನುಗ್ಗು, ಗಾಜಿನ ಮೇಲೆ ದೇವರ ಚಿತ್ರ. ಡ್ರೈವರನು ಹಿಮ್ಮುಖವಾಗಿ ಏರನ್ನು ಹತ್ತಿಸಿ, ಅಂಗಳದ ಅಂಚಿಗೆ ಗೇಣಿನಷ್ಟು ಜಾಗ ಬಿಟ್ಟು ನಿಲ್ಲಿಸಿದನು. ಮಗನೂ ಅಂಗಿಯ ತೋಳು ಮಡಚಿ ಮೂಟೆಗಳಿಗೆ ಕೈಕೊಟ್ಟನು. ಹಗ್ಗ ಬಿಗಿದಾದ ಮೇಲೆ ಬೆವರೊರೆಸಿಕೊಳ್ಳುತ್ತ ಕೇಳಿದನು: “ಇದಕ್ಕೆ ಎಷ್ಟು ಹಾರ್ಸ್‌ಪವರ್?”

“ಅದೆಲ್ಲ ಗೊತ್ತಿಲ್ಲ ಅಣ್ಣ,” ಎಂದು ಡ್ರೈವರನು ಬಾಗಿಲೆಳೆದುಕೊಂಡನು. “ಇಪ್ಪತ್ತೆಂಟು ಮೂಟೆ ಹೋಗ್ತದೆ.”