ಮಚ್ಚಿಗಿಂತ ಹರಿತವಾದ ವಿಡಿಯೊ

ರಾಜ್ಯದ ಯಾವುದೋ ಊರಿನಲ್ಲಿ ಹುಡುಗರ ಗುಂಪೊಂದು ಮಚ್ಚು ಬೀಸಿತೆಂದರೆ ಸಾಕು, ಸಿನಿಮಾ ಕಟಕಟೆಗೆ ಬಂದು ನಿಲ್ಲುತ್ತದೆ. 1995ರ ‘ಓಂ’ನಿಂದ ‘ಕೆಜಿಎಫ್‌’ವರೆಗೆ ಆರೋಪಿಗಳ ಪಟ್ಟಿ ಸಿದ್ಧವಾಗಿಯೇ ಇರುತ್ತದೆ, ಈಚೆಗೆ ಪಬ್‌ಜಿಯಂಥ ಮೊಬೈಲ್ ಆಟಗಳೂ ಅದಕ್ಕೆ ಸೇರಿಕೊಂಡಿವೆ. ಲಾಂಗು–ಮಚ್ಚಿನ ಚಿತ್ರ ನೋಡಿ ಹುಡುಗರು ಕೆಟ್ಟರು ಎಂಬ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ, ಅದಕ್ಕೆ ಪುರಾವೆ ಕೇಳುವುದೇ ಅಧಿಕಪ್ರಸಂಗ ಎನಿಸುತ್ತದೆ. ಆದರೆ ಮಾಧ್ಯಮವೊಂದು ಜನರ ಕೈಗೆ ಕಲ್ಲು, ದೊಣ್ಣೆ ಕೊಟ್ಟ ಪ್ರಕರಣಗಳನ್ನು ಬಿಡಿಸಿ ನೋಡಿದರೆ ಅಲ್ಲಿ ಮುಖ್ಯವಾಗಿ ಸಿಗುವುದು ಬೇರೆಯೇ: ‘ಇದು ನಿಜ, ನಿಮ್ಮೂರಿಗೂ ಬಂದಿದೆ, ಏನಾದರೂ ಮಾಡಿ’ ಎನ್ನುವ ಸುದ್ದಿ.

2018ರಲ್ಲಿ ದೇಶದ ತುಂಬ ಹರಿದಾಡಿದ ಮಕ್ಕಳ ಕಳ್ಳರ ವಿಡಿಯೊವನ್ನೇ ನೋಡಿ. ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಷ್ಟೇ. ಅದು ಅಸಲಿಗೆ ಮಕ್ಕಳ ಸುರಕ್ಷತೆ ಬಗ್ಗೆ ಅರಿವು ಮೂಡಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಕಿರುಚಿತ್ರ. ಮೂಲದಲ್ಲಿ ಬೈಕು ವಾಪಸು ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಪೋಷಕರಿಗೆ ಎಚ್ಚರಿಕೆ ಬರೆದ ಫಲಕವನ್ನು ಎತ್ತಿ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಉಳಿದದ್ದರಲ್ಲಿ ಒಂದು ಹನಿ ರಕ್ತವಿಲ್ಲ. ಸೆನ್ಸಾರ್ ಮಂಡಳಿಯ ಮುಂದಿಟ್ಟಿದ್ದರೆ ಆರಾಮಾಗಿ ಪಾಸಾಗುತ್ತಿತ್ತೇನೋ. ಈ ವಿಡಿಯೊ ಮತ್ತು ಇಂಥವೇ ಸಂದೇಶಗಳು ಹಬ್ಬಿಸಿದ ಭಯದ ನಡುವೆ ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ ಗುಂಪಿನ ಏಟಿಗೆ ಸತ್ತ. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಕೊಂದರು. ಎರಡು ವಾರ ಕಳೆಯುವುದರೊಳಗೆ ಬೀದರ್ ಜಿಲ್ಲೆಯ ಮುರ್ಕಿಯ ಸರದಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಯಿತು. ಅವರ ಕಾರು ಮುರ್ಕಿ ಮುಟ್ಟುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಅಲ್ಲಿಗೆ ಮುಟ್ಟಿತ್ತು, ರಸ್ತೆಗೆ ಅಡ್ಡ ಹಾಕಿಯಾಗಿತ್ತು. ಒಬ್ಬ ಎಂಜಿನಿಯರ್ ಜೀವ ಕಳೆದುಕೊಂಡರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಹೊಡೆಯುತ್ತಿದ್ದವರ ಲೆಕ್ಕದಲ್ಲಿ ಅದು ಮಕ್ಕಳನ್ನು ಕಾಪಾಡುವ ಕೆಲಸ. ತೆರೆಯ ಮೇಲೆ ಎಷ್ಟೇ ತಲೆ ಉರುಳಿಸಿದರೂ ಪ್ರೇಕ್ಷಕನಲ್ಲಿ ಅಂಥ ಕರ್ತವ್ಯಪ್ರಜ್ಞೆ ಮೂಡಿಸುವ ಶಕ್ತಿ ಆ್ಯಕ್ಷನ್ ಚಿತ್ರಕ್ಕಿಲ್ಲ.

ಇದು ವಾಟ್ಸ್‌ಆ್ಯಪ್‌ನೊಂದಿಗೆ ಶುರುವಾದ ಕಾಯಿಲೆಯೂ ಅಲ್ಲ. 1994ರ ರುವಾಂಡಾ ನರಮೇಧದಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೊ ಕೇಂದ್ರ ಟುಟ್ಸಿ ಸಮುದಾಯದ ವಿರುದ್ಧ ಜನರನ್ನು ಎತ್ತಿಕಟ್ಟಿತು. ಹೆಸರು, ಅಡಗುದಾಣಗಳನ್ನೂ ಬಿತ್ತರಿಸಿತು. ಗುಡ್ಡಗಳ ನಾಡಾದ್ದರಿಂದ ಒಂದು ಹಳ್ಳಿಗೆ ಪ್ರಸಾರ ಸಿಕ್ಕರೆ ಪಕ್ಕದ ಕಣಿವೆಯ ಹಳ್ಳಿಗೆ ಸಿಗುತ್ತಿರಲಿಲ್ಲ. ಅರ್ಥಶಾಸ್ತ್ರಜ್ಞ ಡೇವಿಡ್ ಯಾನಗಿಜಾವಾ–ಡ್ರಾಟ್ ಇಂಥ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂಸೆಯಲ್ಲಿ ಜನರು ಪಾಲ್ಗೊಂಡ ಪ್ರಮಾಣದ ಸುಮಾರು ಶೇ 10ರಷ್ಟು ಆ ಕೇಂದ್ರದ ಪ್ರಭಾವ. ಕಣ್ಣಿಗೆ ಕಾಣುವ ಒಂದು ದೃಶ್ಯವೂ ಇಲ್ಲದ ಮಾಧ್ಯಮ ಮಾಡಿದ ಕೆಲಸ ಅದು.

ಹಾಗಾದರೆ ಸಿನಿಮಾ, ವಿಡಿಯೊ ಗೇಮ್‌ಗಳ ಪಾತ್ರವೇ ಇಲ್ಲವೇ? 1961ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ನಡೆಸಿದ ಪ್ರಯೋಗವನ್ನು ಬಹಳ ಜನ ಎತ್ತಿ ತೋರಿಸುತ್ತಾರೆ: ದೊಡ್ಡವರು ಬೊಂಬೆಗೆ ಬಡಿದದ್ದನ್ನು ಕಂಡ ಮಕ್ಕಳು ತಾವೂ ಬಡಿದರು. ನಂತರ ಅದನ್ನೇ ಸಿನಿಮಾದಲ್ಲಿ ತೋರಿಸಿದಾಗಲೂ ಫಲಿತಾಂಶ ಹೆಚ್ಚು ಬೇರೆಯಾಗಲಿಲ್ಲ. ಮಕ್ಕಳು ಅನುಕರಿಸುತ್ತಾರೆ, ಸರಿ. ಆದರೆ ಗುದ್ದಿಸಿಕೊಳ್ಳಲೆಂದೇ ಮಾಡಿದ ಬೊಂಬೆಗೆ ಗುದ್ದುವುದಕ್ಕೂ ಮನುಷ್ಯನ ತಲೆ ಒಡೆಯುವುದಕ್ಕೂ ನಡುವಿನ ದಾರಿ ಬಲು ದೂರ. 2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಅಧ್ಯಯನ ಮಾಡಿದಾಗ, ಹಿಂಸಾತ್ಮಕ ಆಟ ಆಡುವುದಕ್ಕೂ ಆಕ್ರಮಣಕಾರಿ ವರ್ತನೆಗೂ ನಂಟು ಕಾಣಲಿಲ್ಲ. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು 1995ರಿಂದ 2004ರವರೆಗಿನ ಅಂಕಿಅಂಶ ಜಾಲಾಡಿ ಇನ್ನೂ ವಿಚಿತ್ರವಾದದ್ದನ್ನು ಕಂಡರು: ಹೊಡೆದಾಟದ ಚಿತ್ರಗಳಿಗೆ ಜನ ಮುಗಿಬಿದ್ದ ದಿನಗಳಂದು ಹಲ್ಲೆ ಪ್ರಕರಣ ಕಡಿಮೆ. ಜಗಳ ತೆಗೆಯುವ ಸ್ವಭಾವದವರು ಆ ಹೊತ್ತಿನಲ್ಲಿ ಕುಡಿಯುತ್ತ ಕೂರುವ ಬದಲು ಥಿಯೇಟರಿನಲ್ಲಿದ್ದರು! ಇದು ಒಂದೆರಡು ದಿನದ ಲೆಕ್ಕ. ವರ್ಷಗಟ್ಟಲೆ ನೋಡಿದವರ ಮನಸ್ಸು ಏನಾಗುತ್ತದೆಂದು ಇದರಿಂದ ತಿಳಿಯದು ಎನ್ನುವ ಆಕ್ಷೇಪಕ್ಕೆ ತೂಕವಿದೆ. ಅಮೆರಿಕದ ಮನೋವಿಜ್ಞಾನ ಸಂಘವೂ ಹಿಂಸೆಯ ಆಟಗಳಿಗೂ ಕಿರುಚಾಟ, ತಳ್ಳಾಟದಂಥ ವರ್ತನೆಗೂ ಸಣ್ಣ ನಂಟನ್ನು ಒಪ್ಪುತ್ತದೆ. ಆದರೆ ಗಂಭೀರ ಹಿಂಸೆಗೆ ಆ ಆಟಗಳೇ ಕಾರಣ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದು 2020ರಲ್ಲಿ ಅದೇ ಸಂಘ ಸ್ಪಷ್ಟಪಡಿಸಿದೆ.

ಸಿನಿಮಾ ಕೊಡುವುದು ಹಿಂಸೆಯ ವೇಷವನ್ನು. ಕೈಗೆ ಯಾವ ಆಯುಧ, ಗಡ್ಡ ಎಷ್ಟುದ್ದ, ಹೊಡೆಯುವ ಮುನ್ನ ಹೇಳಬೇಕಾದ ಡೈಲಾಗ್ ಯಾವುದು ಎನ್ನುವುದೆಲ್ಲ ತೆರೆಯಿಂದ ಇಳಿದು ಬರುತ್ತದೆ. 2025ರ ಮಾರ್ಚ್‌ನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದವರ ಮೇಲೆ ಬೆಂಗಳೂರು ಪೊಲೀಸರು ಪ್ರಕರಣ ದಾಖಲಿಸಿದ್ದು ಸರಿಯಾಗಿಯೇ ಇತ್ತು. ಆದರೆ ಮಚ್ಚು ಎತ್ತಲು ಬೇಕಾದ ದ್ವೇಷ ಸೈಟಿನ ತಕರಾರು, ಬಡ್ಡಿ ಸಾಲ, ಹಳೆಯ ಜಿದ್ದುಗಳಲ್ಲಿ ಹುಟ್ಟುತ್ತದೆ. ವೇಷದಿಂದ ಅಪಾಯವೇ ಇಲ್ಲ ಎಂದಲ್ಲ, ಮಾಡುವ ಬಗೆಯನ್ನೂ ಜನ ಅನುಕರಿಸುತ್ತಾರೆ. ವಿಯೆನ್ನಾದ ಪತ್ರಿಕೆಗಳು 1987ರಲ್ಲಿ ಮೆಟ್ರೊ ಹಳಿಗಳ ಮೇಲಿನ ಆತ್ಮಹತ್ಯೆಗಳ ರೋಚಕ ವರದಿ ನಿಲ್ಲಿಸಿದ ಮೇಲೆ ಅಂಥ ಸಾವುಗಳು ಸುಮಾರು ಶೇ 75ರಷ್ಟು ಇಳಿದವು. ಇಲ್ಲಿಯೂ ಕೆಲಸ ಮಾಡಿದ್ದು ನಿಜ ಘಟನೆಯ ವರದಿಯೇ ಎಂಬುದನ್ನು ಗಮನಿಸಬೇಕು. ನಮ್ಮ ಪ್ರೆಸ್ ಕೌನ್ಸಿಲ್ 2019ರಲ್ಲಿ ಇದೇ ಬಗೆಯ ಮಾರ್ಗಸೂಚಿ ಕೊಟ್ಟಿದೆ. ಪಾಲಿಸುವವರು ಎಷ್ಟು ಮಂದಿ ಎನ್ನುವುದು ಓದುಗರಿಗೇ ಗೊತ್ತು.

ಸೆನ್ಸಾರ್ ಮಂಡಳಿ 2024ರಿಂದ ಯುಎ ಪ್ರಮಾಣಪತ್ರವನ್ನು 7, 13, 16 ವಯಸ್ಸಿಗೆ ತಕ್ಕಂತೆ ಹಂಚಿದೆ. ಒಳ್ಳೆಯದೇ, ಏಳು ವರ್ಷದ ಮಗುವಿಗೆ ರುಂಡ ಹಾರುವ ದೃಶ್ಯ ಬೇಡ. ಆದರೆ ರಕ್ತದ ಪ್ರಮಾಣ ಅಳೆದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಮುರ್ಕಿ ಘಟನೆಯ ಬೆನ್ನಿಗೇ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಪದೇ ಪದೇ ಫಾರ್ವರ್ಡ್ ಆದ ಸಂದೇಶಕ್ಕೆ ಒಮ್ಮೆಗೆ ಒಂದೇ ಚಾಟ್ ಎಂದಿತು. ಅಂಥ ಸಂದೇಶಗಳ ಹರಿದಾಟ ಶೇ 70ರಷ್ಟು ತಗ್ಗಿತೆಂದು ಕಂಪನಿಯೇ ಹೇಳಿತು. ಸುದ್ದಿ ವಾಹಿನಿಗಳಿಗೂ ಇಂಥದ್ದೊಂದು ಕಡಿವಾಣ ಬೇಕು. ಯಾವ ಊರಿನದು, ಯಾವ ತಾರೀಕಿನದು ಎಂದು ಹೇಳಲಾಗದ ವಿಡಿಯೊ ತುಣುಕನ್ನು ಪ್ರಸಾರ ಮಾಡಬಾರದು ಎಂಬ ಒಂದು ನಿಯಮವನ್ನಾದರೂ ಅವು ತಾವಾಗಿಯೇ ಹಾಕಿಕೊಳ್ಳಲಿ.