ಅಪ್ಪಣೆಗೆ ಕಾಯದ ಮಜ್ಜೆ

ಮುಖ ಕೆಂಪೇರಿದ್ದರೆ ಅದನ್ನು ಆರೋಗ್ಯದ ಕಳೆಯೆಂದು ಬಗೆಯುವುದು ಮನೆಮನೆಯ ವಾಡಿಕೆ. ‘ಮೈಯಲ್ಲಿ ರಕ್ತ ತುಂಬಿಕೊಂಡಿದೆ’ ಎಂಬ ಮಾತನ್ನು ಹೊಗಳಿಕೆಯೆಂದೇ ಎಲ್ಲರೂ ಆಡುತ್ತಾರೆ. ಆದರೆ ರಕ್ತವೂ ಮಿತಿಮೀರಿ ತುಂಬಿಕೊಳ್ಳಬಹುದು. ತುಂಬಿಕೊಂಡು ಪ್ರಾಣಕ್ಕೆ ಎರವಾಗಬಹುದು. ಪ್ಯಾರಿಸಿನ ವೈದ್ಯ ವಾಕೆಝ್ ಅವರು 1892ರಲ್ಲಿ ಇಂಥ ಒಬ್ಬ ರೋಗಿಯನ್ನು ಕುರಿತು ಬರೆದರು. ಆ ರೋಗಿಯ ರಕ್ತದಲ್ಲಿ ಕೆಂಪುಕಣಗಳ ಸಂಖ್ಯೆ ಅಳತೆ ಮೀರಿ ಏರಿತ್ತು. ಇಂದು ಈ ವ್ಯಾಧಿಯನ್ನು ಪಾಲಿಸೈಥೀಮಿಯ ವೆರ ಎಂದು ಕರೆಯುತ್ತಾರೆ. ತಲೆನೋವು, ತಲೆಸುತ್ತು, ಬಿಸಿನೀರಿನ ಸ್ನಾನ ಮುಗಿಸಿ ಬಂದೊಡನೆ ಮೈಯೆಲ್ಲ ತುರಿಕೆ—ಇವು ಅದರ ಸಣ್ಣ ಕಾಟಗಳು. ಮಂದವಾದ ರಕ್ತವು ಹೃದಯದ ಅಥವಾ ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಿತೆಂದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ವೈದ್ಯನಿಗೆ ಬಹುಕಾಲ ಕಗ್ಗಂಟಾಗಿದ್ದ ಪ್ರಶ್ನೆಯೊಂದಿತ್ತು. ಎತ್ತರದ ಬೆಟ್ಟಗಳಲ್ಲಿ ಬಾಳುವವರಿಗೂ, ವರ್ಷಗಟ್ಟಲೆ ಧೂಮಪಾನ ಮಾಡಿದವರಿಗೂ, ಶ್ವಾಸಕೋಶ ಕೆಟ್ಟವರಿಗೂ, ಮೂತ್ರಪಿಂಡದಲ್ಲಿ ಕೆಲವು ಬಗೆಯ ಗೆಡ್ಡೆ ಬೆಳೆದವರಿಗೂ ಕೆಂಪುಕಣಗಳು ಹೆಚ್ಚುತ್ತವೆ. ಅವರಲ್ಲಿ ಮೂಲಕಾರಣ ಬೇರೆ ಕಡೆಗಿದೆ. ಚಿಕಿತ್ಸೆಯೂ ಅತ್ತಲೇ ಸಾಗಬೇಕು. ಪಾಲಿಸೈಥೀಮಿಯ ವೆರದಲ್ಲಾದರೋ ದೋಷವಿರುವುದು ರಕ್ತವನ್ನು ಹುಟ್ಟಿಸುವ ಎಲುಬಿನ ಮಜ್ಜೆಯಲ್ಲೇ. ಎದುರಿಗೆ ಕುಳಿತಿರುವ ಕೆಂಪುಮುಖದ ರೋಗಿ ಇವೆರಡರಲ್ಲಿ ಯಾವ ಪಂಗಡದವನು? ಸೂಕ್ಷ್ಮದರ್ಶಕದಲ್ಲಿ ಇಬ್ಬರ ಕೆಂಪುಕಣಗಳೂ ಒಂದೇ ಬಗೆಯಾಗಿ ಕಾಣುತ್ತವೆ.

ಕೆಂಪುಕಣವೊಂದರ ಆಯುಸ್ಸು ಸುಮಾರು 120 ದಿನ. ಸತ್ತವುಗಳ ಸ್ಥಾನ ತುಂಬಲು ಮಜ್ಜೆಯು ಒಂದೊಂದು ಸೆಕೆಂಡಿಗೂ ಇಪ್ಪತ್ತು ಲಕ್ಷದಷ್ಟು ಹೊಸ ಕಣಗಳನ್ನು ಹುಟ್ಟಿಸುತ್ತದೆ. ಇದು ಮಜ್ಜೆಯ ಸ್ವೇಚ್ಛೆಯಿಂದ ನಡೆಯುವ ಕೆಲಸವಲ್ಲ. ಇದರ ಹಿಂದೆ ಒಂದು ಅಪ್ಪಣೆಯಿದೆಯೆಂದು 1906ರಲ್ಲಿ ಪ್ಯಾರಿಸಿನ ಕಾರ್ನೋ ಮತ್ತು ಡೆಫ್ಲಾಂಡ್ರ್ ಎಂಬ ಸಂಶೋಧಕರು ಮೊಲಗಳ ಮೇಲಿನ ಪ್ರಯೋಗಗಳಿಂದ ಸೂಚಿಸಿದರು. ಆ ಅಪ್ಪಣೆಗೆ ಎರಿತ್ರೊಪೊಯೆಟಿನ್ ಎಂಬ ಹೆಸರು ಬಂದದ್ದು 1948ರಲ್ಲಿ. ಅದನ್ನು ಹೊರಡಿಸುವುದು ಮೂತ್ರಪಿಂಡವೆಂದು ಗೋಲ್ಡ್‌ವಾಸರ್ ಮತ್ತು ಜೇಕಬ್‌ಸನ್ ತೋರಿಸಿದ್ದು 1957ರಲ್ಲಿ. ಮೂತ್ರವನ್ನು ಸೋಸುವುದಷ್ಟೇ ಮೂತ್ರಪಿಂಡದ ಉದ್ಯೋಗವೆಂದು ತಿಳಿದವರಿಗೆ ಇದು ಸೋಜಿಗವೇ ಸರಿ. ರಕ್ತದಲ್ಲಿ ಪ್ರಾಣವಾಯು ಇಳಿದಾಗ ಅದು ಈ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ, ಮಜ್ಜೆಯು ಕಣಗಳನ್ನು ಹೆಚ್ಚಿಸುತ್ತದೆ. ಬೆಟ್ಟದ ನಿವಾಸಿಯ ಮೈಯಲ್ಲಿ ನಡೆಯುವುದು ಇದೇ.

ಹಾಗಾದರೆ ಪಾಲಿಸೈಥೀಮಿಯ ವೆರದಲ್ಲಿ ಮಜ್ಜೆಯು ಯಾರ ಮಾತನ್ನು ಕೇಳುತ್ತಿದೆ? ಇದನ್ನು ಪರೀಕ್ಷಿಸಬೇಕಾದರೆ ಅದನ್ನು ದೇಹದಿಂದ, ಎಂದರೆ ಮೂತ್ರಪಿಂಡದ ಆಳ್ವಿಕೆಯಿಂದ, ಹೊರಗೆ ತಂದು ಬೆಳೆಸಬೇಕು. ಇಲ್ಲಿ ಇನ್ನೊಂದು ತೊಡಕು. ಮಜ್ಜೆಯಲ್ಲಿ ಕೆಂಪುಕಣಗಳ ಪೂರ್ವಜಕೋಶಗಳು ಬಹಳ ವಿರಳ. ನೋಡಿದರೆ ಗುರುತೂ ಸಿಕ್ಕುವುದಿಲ್ಲ. ಬೀಜದ ಮುಖ ನೋಡಿ ಬೆಳೆ ಹೇಳಲಾರದ ಒಕ್ಕಲಿಗ ಬಿತ್ತಿ ನೋಡುವಂತೆ, ಇವನ್ನೂ ಬಿತ್ತಿಯೇ ನೋಡಬೇಕು. ಕೆನಡಾದ ಟೊರಾಂಟೊ ನಗರದಲ್ಲಿ ಟಿಲ್ ಮತ್ತು ಮೆಕಲಕ್ 1961ರಲ್ಲಿ ಇಲಿಯ ಮೈಯನ್ನೇ ಹೊಲವಾಗಿ ಮಾಡಿಕೊಂಡಿದ್ದರು: ವಿಕಿರಣದಿಂದ ಮಜ್ಜೆ ನಾಶವಾದ ಇಲಿಗೆ ಬೇರೊಂದು ಇಲಿಯ ಮಜ್ಜೆಯನ್ನು ಕೊಟ್ಟರೆ, ಹತ್ತು ದಿನಗಳಲ್ಲಿ ಗುಲ್ಮದ ಮೇಲೆ ರಕ್ತಕೋಶಗಳ ಗಂಟುಗಳು ಮೂಡುತ್ತಿದ್ದವು. ಗಾಜಿನ ತಟ್ಟೆಯಲ್ಲಿ ಕೆಂಪುಕಣಗಳ ಪೈರನ್ನು ತೆಗೆದ ಕೀರ್ತಿ ಅದೇ ನಗರದ ಆರ್ಥರ್ ಆಕ್ಸಲ್‌ರಾಡ್ ಮತ್ತು ಅವರ ಸಂಗಡಿಗರದು, ವರ್ಷ 1971. ಅವರು ಮೊದಲು ಬೆಳೆಸಿದ್ದು ಇಲಿಯ ಕೋಶಗಳನ್ನು. 1974ರ ವೇಳೆಗೆ ಮಾನವನ ಮಜ್ಜೆಗೂ ಆ ವಿಧಾನ ಒಗ್ಗಿತು.

ಈ ಬೇಸಾಯದ ಕ್ರಮ ಅಡುಗೆಮನೆಯವರಿಗೆ ಅಪರಿಚಿತವೆನಿಸಲಾರದು. ಸೊಂಟದ ಎಲುಬಿನ ಹಿಂಭಾಗದಿಂದ ದಪ್ಪ ಸೂಜಿಯಲ್ಲಿ ತುಸು ಮಜ್ಜೆಯನ್ನು ಸೆಳೆದು, ಹೆಪ್ಪುಗಟ್ಟದಂತೆ ಕಾಪಾಡಿ, ಕೋಶಗಳನ್ನು ಬೇರ್ಪಡಿಸುತ್ತಾರೆ. ಮೀಥೈಲ್ ಸೆಲ್ಯುಲೋಸ್ ಎಂಬ ಪದಾರ್ಥದಿಂದ ಗಟ್ಟಿ ಗಂಜಿಯಂಥ ಪಾಕವನ್ನು ಸಿದ್ಧಮಾಡಿ, ಅದಕ್ಕೆ ಪೋಷಕ ದ್ರವ್ಯಗಳನ್ನೂ ಕರುವಿನ ರಕ್ತದ ತಿಳಿಯನ್ನೂ ಬೆರೆಸಿ, ಅದರಲ್ಲಿ ಕೋಶಗಳನ್ನು ಕದಡಿ, ಪುಟ್ಟ ತಟ್ಟೆಗಳಿಗೆ ಎರೆದು 37 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಇಡುತ್ತಾರೆ. ಪಾಕ ಗಟ್ಟಿಯಾಗಿರಬೇಕಾದುದಕ್ಕೆ ಕಾರಣವಿದೆ. ನೀರಾಗಿದ್ದರೆ ಹುಟ್ಟಿದ ಮರಿಕೋಶಗಳು ಚದರಿ ಒಂದರೊಡನೊಂದು ಕಲೆತುಹೋಗುತ್ತವೆ. ಗಂಜಿಯಲ್ಲಾದರೆ ಒಂದೇ ತಾಯಿಯ ಸಂತತಿ ಒಂದೇ ಕಡೆ ಗುಂಪಾಗಿ ನಿಲ್ಲುತ್ತದೆ. ಗುಂಪನ್ನೆಣಿಸಿದರೆ ತಾಯಂದಿರನ್ನು ಎಣಿಸಿದಂತಾಯಿತು. ಏಳು ದಿನಗಳ ಹೊತ್ತಿಗೆ ಕೆಲವೇ ಹತ್ತು ಕೋಶಗಳ ಚಿಕ್ಕ ಗುಂಪುಗಳು ಕಾಣುತ್ತವೆ. ಇನ್ನೂ ಹಿಂದಿನ ತಲೆಮಾರಿನ ಕೋಶಗಳು ಎರಡು ವಾರ ತೆಗೆದುಕೊಂಡು, ಒಂದರ ಸುತ್ತ ಹಲವು ಗೊಂಚಲುಗಳನ್ನು ಚೆಲ್ಲುತ್ತವೆ. ನೋಡುವುದಕ್ಕೆ ಥೇಟು ದೀಪಾವಳಿಯ ಆಕಾಶಬಿರುಸು. ವಿಜ್ಞಾನಿಗಳು ಇಟ್ಟಿರುವ ಇಂಗ್ಲಿಷ್ ಹೆಸರಿನಲ್ಲಿಯೂ ಸಿಡಿಯುವ ಅರ್ಥವೇ ಇದೆ. ಹೀಮೊಗ್ಲೋಬಿನ್ ತುಂಬಿಕೊಂಡಂತೆ ಈ ಗೊಂಚಲುಗಳು ಕೆಂಪು ತಳೆಯುತ್ತವೆ.

ಹೀಗೆ ರಕ್ತವನ್ನೇ ಬೆಳೆದು ರೋಗಿಗಳಿಗೆ ಕೊಡಬಾರದೇಕೆ ಎಂದು ಯಾರಿಗಾದರೂ ತೋರುವುದು ಸಹಜ. ಒಂದು ಚೀಲ ರಕ್ತದಲ್ಲಿ ಸುಮಾರು ಎರಡು ಲಕ್ಷ ಕೋಟಿ ಕೆಂಪುಕಣಗಳಿರುತ್ತವೆ. ತಟ್ಟೆಯ ಪೈರು ಅದಕ್ಕೆ ಸಾಲದು. ಬೇರೆ ವಿಧಾನಗಳಿಂದ ದ್ರವದಲ್ಲಿ ಬೆಳೆಸಿದ ಕಣಗಳನ್ನು 2022ರಲ್ಲಿ ಬ್ರಿಟನ್ನಿನಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಪ್ರಮಾಣ ಒಂದೆರಡು ಚಹಾಚಮಚ.

ಆಕ್ಸಲ್‌ರಾಡ್ ಅವರ ತಟ್ಟೆಯ ಬೆಲೆ ತಿಳಿದದ್ದು ಬೇರೊಂದು ಬಗೆಯಲ್ಲಿ. ಆರೋಗ್ಯವಂತನ ಮಜ್ಜೆಯನ್ನು ಬಿತ್ತಿದ ಪಾಕಕ್ಕೆ ಎರಿತ್ರೊಪೊಯೆಟಿನ್ ಹಾಕದಿದ್ದರೆ ಕೆಂಪು ಗುಂಪುಗಳು ಏಳುವುದಿಲ್ಲ, ಹಾಕಿದರೆ ಏಳುತ್ತವೆ. 1974ರಲ್ಲಿ ಪರ್ಕಲ್ ಮತ್ತು ಆಕ್ಸಲ್‌ರಾಡ್ ಇಬ್ಬರೂ ಪಾಲಿಸೈಥೀಮಿಯ ವೆರದ ರೋಗಿಗಳ ಮಜ್ಜೆಯನ್ನು ಬಿತ್ತಿದರು. ಹಾರ್ಮೋನಿನ ಒಂದು ತೊಟ್ಟನ್ನೂ ಬೆರೆಸದ ತಟ್ಟೆಗಳಲ್ಲಿಯೂ ಕೆಂಪು ಗುಂಪುಗಳು ಎದ್ದು ನಿಂತವು. ಬೇರೆ ಕಾರಣದಿಂದ ರಕ್ತ ಹೆಚ್ಚಿದವರ ಮಜ್ಜೆಯೋ ಅಪ್ಪಣೆಗಾಗಿ ಕಾದು ಸುಮ್ಮನಿತ್ತು. ಎರಡು ಪಂಗಡಗಳನ್ನು ಬೇರ್ಪಡಿಸುವ ಒರೆಗಲ್ಲು ಹೀಗೆ ದೊರೆಯಿತು. ಕರುವಿನ ರಕ್ತದ ತಿಳಿಯಲ್ಲಿಯೇ ಹಾರ್ಮೋನಿನ ಲೇಶವಿತ್ತಲ್ಲವೆ ಎಂಬ ಆಕ್ಷೇಪವೂ ಎದ್ದಿತು. ಅದು ನ್ಯಾಯವಾದ ಆಕ್ಷೇಪ. ಆದರೂ ಅದೇ ತಿಳಿಯಲ್ಲಿ ಉಳಿದವರ ಮಜ್ಜೆ ಏಕೆ ಬೆಳೆಯಲಿಲ್ಲವೆಂಬ ಪ್ರಶ್ನೆ ಹಾಗೆಯೇ ನಿಂತಿತು.

ಉತ್ತರಕ್ಕೆ ಮೂವತ್ತೊಂದು ವರ್ಷ ಹಿಡಿಯಿತು. ಎರಿತ್ರೊಪೊಯೆಟಿನ್ ಬಂದು ಕೋಶದ ಬಾಗಿಲನ್ನು ತಟ್ಟಿದಾಗ, ಸುದ್ದಿಯನ್ನು ಒಳಕ್ಕೆ ಒಯ್ಯುವ ಓಲೆಕಾರನೊಬ್ಬನಿದ್ದಾನೆ. ಅದು ಜಾಕ್-2 ಎಂಬ ಪ್ರೋಟೀನು. ಪ್ಯಾರಿಸಿನ ಬಳಿಯ ವಿಲ್‌ಜುಯಿಫ್‌ನ ವೈನ್‌ಷೆಂಕರ್ ಅವರ ತಂಡವು ತಟ್ಟೆಯಲ್ಲಿ ಸ್ವತಃ ಬೆಳೆಯುವ ಈ ಕೋಶಗಳ ಜಾಡನ್ನೇ ಹಿಡಿದು ಹೊರಟು, 2005ರಲ್ಲಿ ಆ ಓಲೆಕಾರನಲ್ಲಿ ದೋಷವನ್ನು ಕಂಡಿತು. ಅದೇ ವರ್ಷ ಕೇಂಬ್ರಿಜ್, ಬಾಸೆಲ್, ಬಾಸ್ಟನ್ ನಗರಗಳ ತಂಡಗಳೂ ಬೇರೆಬೇರೆಯಾಗಿ ಅಲ್ಲಿಗೇ ಬಂದು ಮುಟ್ಟಿದವು. ತಾಳೆಗರಿಯ ಲಿಪಿಕಾರ ಒಂದಕ್ಷರ ತಪ್ಪಿದಂತೆ, ಅದರ ಜೀನಿನಲ್ಲಿ ಒಂದಕ್ಷರ ಬದಲಾಗಿ, ಪ್ರೋಟೀನಿನ 617ನೆಯ ಸ್ಥಾನದಲ್ಲಿ ವೇಲೀನ್ ಇರಬೇಕಾದಲ್ಲಿ ಫೀನೈಲ್ ಅಲನೀನ್ ಬಂದು ಕುಳಿತಿದೆ. ಬಾಗಿಲನ್ನು ಯಾರೂ ತಟ್ಟದಿದ್ದರೂ ಅವನು ಒಳಗೆ ಅಪ್ಪಣೆ ಸಾರುತ್ತಲೇ ಇರುತ್ತಾನೆ. ಈ ರೋಗಿಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಂದಿಯಲ್ಲಿ ಕಾಣುವುದು ಇದೇ ಕೈತಪ್ಪು. ಉಳಿದವರಲ್ಲಿ ಹೆಚ್ಚಿನವರಿಗೆ ಅದೇ ಜೀನಿನ ಬೇರೊಂದು ಭಾಗದಲ್ಲಿ.

ತೋಳಿನಿಂದ ತೆಗೆದ ಕೆಲವು ಮಿಲಿಲೀಟರ್ ರಕ್ತದಲ್ಲಿಯೇ ಆ ಅಕ್ಷರವನ್ನು ಈಗ ಓದಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ತಿದ್ದಿದ ರೋಗನಿರ್ಣಯದ ನಿಯಮಗಳಿಂದ ಎರಡು ವಾರಗಳ ತಟ್ಟೆಯ ಪರೀಕ್ಷೆಯನ್ನು ಕೈಬಿಟ್ಟಿತು. ರೋಗಿಯ ರಕ್ತವನ್ನು ಆಗಾಗ್ಗೆ ಹೊರತೆಗೆಯುವ ಹಳೆಯ ಚಿಕಿತ್ಸೆ ಮಾತ್ರ ಇನ್ನೂ ಬಳಕೆಯಲ್ಲಿದೆ.