ಪುರಾಣದ ಹೆಸರು, ಸರಕಿನ ಹುರುಳು

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ 1798ರಿಂದ ತನ್ನ ಚರಿತ್ರೆಯನ್ನು ಎಣಿಸುವ ಹೈಲ್ಯಾಂಡ್ ಪಾರ್ಕ್ ಎಂಬ ಭಟ್ಟಿಯು 2012ರಲ್ಲಿ ‘ಥಾರ್’ ಎಂಬ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮಾರುಕಟ್ಟೆಗೆ ತಂದಿತು. ಥಾರ್ ಎಂದರೆ ನಾರ್ಸ್ ಪುರಾಣದಲ್ಲಿ ಗುಡುಗಿನ ಅಧಿದೇವತೆ. ಬಳಿಕ ಲೋಕಿ, ಫ್ರೇಯಾ, ಓಡಿನ್ ಹೆಸರುಗಳೂ ಬಂದವು. ಸೀಸೆಗೆ ವೈಕಿಂಗ್ ಹಡಗಿನ ಮುಂಭಾಗವನ್ನು ಹೋಲುವ ಮರದ ಚೌಕಟ್ಟು. ಬೆಲೆಯೂ ಅದಕ್ಕೆ ತಕ್ಕಂತೆ.

ಇದೆಲ್ಲ ಜಾಹೀರಾತಿನ ಚಮತ್ಕಾರವೆಂದು ತಳ್ಳಿಹಾಕುವುದು ನ್ಯಾಯವಾಗದು. ಆರ್ಕ್ನಿ ಶತಮಾನಗಳ ಕಾಲ ನಾರ್ವೆಯ ಅಧೀನದಲ್ಲಿತ್ತು. 1468ರಲ್ಲಿ ದೊರೆ ಒಂದನೆಯ ಕ್ರಿಶ್ಚಿಯನ್ ತನ್ನ ಮಗಳ ವರದಕ್ಷಿಣೆಯ ಬಾಬ್ತಿಗೆ ಆ ದ್ವೀಪಗಳನ್ನು ಸ್ಕಾಟ್ಲೆಂಡಿನ ಅರಸನಿಗೆ ಒತ್ತೆಯಿಟ್ಟನು. ಒತ್ತೆಯನ್ನು ಬಿಡಿಸಿಕೊಳ್ಳುವುದು ಮಾತ್ರ ಆಗಲೇ ಇಲ್ಲ. (ಗಿರವಿ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.) ಹೊಗೆಯ ರುಚಿಗೂ ನೆಲದ ಆಧಾರವಿದೆ. ಜೌಗುನೆಲದಲ್ಲಿ ಸಸ್ಯಗಳು ಸಾವಿರಾರು ವರ್ಷ ಅರೆಕೊಳೆತು ಗಟ್ಟಿಯಾದ ಪದಾರ್ಥವೇ ಪೀಟ್. ಅದನ್ನು ಸುಟ್ಟ ಹೊಗೆಯಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸುತ್ತಾರೆ. ಬಿರುಗಾಳಿಯ ಆರ್ಕ್ನಿಯಲ್ಲಿ ಮರಗಳು ವಿರಳವಾದುದರಿಂದ ಅಲ್ಲಿನ ಪೀಟ್‌ನಲ್ಲಿ ಹೆದರ್ ಎಂಬ ಕುರುಚಲು ಗಿಡದ ಅಂಶವೇ ಹೆಚ್ಚು. ಹೊಗೆಯು ಸೌಮ್ಯ, ತುಸು ಸಿಹಿ. ಹೀಗೆ ಹೆಸರು ಹಾಗೂ ಸರಕು ಎರಡೂ ಒಂದೇ ಮಣ್ಣಿನವು.

ಆಕ್ಷೇಪವಿರುವುದು ಮುಂದಿನ ನಡೆಯಲ್ಲಿ. ಮೊದಲ ನಾಲ್ಕು ಸೀಸೆಗಳ ಮೇಲೆ 15 ಅಥವಾ 16 ವರ್ಷವೆಂದು ವಯಸ್ಸು ನಮೂದಾಗಿತ್ತು. 2017ರ ‘ವಾಲ್ಕಿರಿ’ಯಿಂದ 2019ರ ‘ವಾಲ್‌ಫಾದರ್’ವರೆಗಿನ ಸರಣಿಯಲ್ಲಿ ಪುರಾಣ ಉಳಿಯಿತು, ವಯಸ್ಸು ಮಾಯವಾಯಿತು. ಇದು ಕಾನೂನುಬಾಹಿರವಲ್ಲ, ಓಕ್ ಪೀಪಾಯಿಯಲ್ಲಿ ಮೂರು ವರ್ಷ ಕಳೆದರೆ ಸ್ಕಾಚ್ ಎನ್ನಬಹುದು. ವಯಸ್ಸಾದಂತೆ ಹೊಗೆಯ ಖಾರ ಇಳಿಯುವುದರಿಂದ ಎಳೆಯ ಮದ್ಯ ಬೆರೆಸಲು ಸಕಾರಣವೂ ಇದ್ದೀತು. ಆದರೂ ಗಿರಾಕಿಯು ಪರಿಶೀಲಿಸಬಹುದಾದ ಒಂದು ಅಂಕಿಯನ್ನು ತೆಗೆದು, ಪರಿಶೀಲಿಸಲಾಗದ ಕಥೆಯನ್ನು ಹಿಗ್ಗಿಸುವುದು ನೇರ ವ್ಯಾಪಾರದ ಲಕ್ಷಣವಲ್ಲ.

ಬೆಂಗಳೂರಿನ ಅಮೃತ್ ಭಟ್ಟಿಯ ಉದಾಹರಣೆ ಇಲ್ಲಿ ಉಪಯುಕ್ತ. ಅದರ ಹೆಸರೂ ಪುರಾಣದ್ದೇ. ಆದರೆ 2004ರಲ್ಲಿ ಅದರ ಸಿಂಗಲ್ ಮಾಲ್ಟ್ ಗ್ಲಾಸ್ಗೋದಲ್ಲಿ ಬಿಡುಗಡೆಯಾದಾಗ ಸಮುದ್ರಮಥನವನ್ನು ಅರಿತ ಗಿರಾಕಿಗಳು ಅಲ್ಲಿ ಎಷ್ಟು ಮಂದಿ? 2009ರ ‘ಫ್ಯೂಷನ್’ ಮನ್ನಣೆ ಗಳಿಸಿದ್ದು ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿಯನ್ನು ಸೇರಿಸಿದೆ ಎಂಬ ನೇರ ಸಂಗತಿಯಿಂದ. ಬೆಂಗಳೂರಿನ ಹವೆಯಲ್ಲಿ ಮದ್ಯ ಬೇಗ ಪಕ್ವವಾಗುತ್ತದೆ, ಪೀಪಾಯಿಯಿಂದ ಆವಿಯಾಗುವ ನಷ್ಟವೂ ಸ್ಕಾಟ್ಲೆಂಡಿಗಿಂತ ಹಲವು ಪಟ್ಟು ಹೆಚ್ಚು ಎಂಬುದನ್ನೂ ಅದು ಮುಚ್ಚಿಡಲಿಲ್ಲ.

ರಾಜ್ಯದಲ್ಲಿ ಊದುಬತ್ತಿ, ಉಪ್ಪಿನಕಾಯಿ, ಬೆಲ್ಲ ತಯಾರಿಸುವ ಸಣ್ಣ ಘಟಕಗಳು ಪೊಟ್ಟಣದ ಮೇಲೆ ದೇವರ ಚಿತ್ರವನ್ನು ಧಾರಾಳವಾಗಿ ಅಚ್ಚುಹಾಕಿಸುತ್ತವೆ. ಕಬ್ಬು ಯಾವ ಸೀಮೆಯದು, ಮೆಣಸಿನಕಾಯಿ ಬ್ಯಾಡಗಿಯದೇ, ಸುಗಂಧ ಎಲ್ಲಿಂದ ಬಂದದ್ದು ಎಂಬ ಎರಡು ನಿಜವಾದ ಸಾಲುಗಳನ್ನು ಆ ಚಿತ್ರದ ಕೆಳಗೆ ಸೇರಿಸಲು ತಗಲುವ ಖರ್ಚು ಅತ್ಯಲ್ಪ. ಮುಂದಿನ ಲೇಬಲ್ ಮುದ್ರಣಕ್ಕೆ ಕೊಡುವ ಮುನ್ನವೇ ಅದನ್ನು ಮಾಡಬಹುದು.